ಬಿಳುಪಿನ ತಿಂಗಳ ಬಾಡಿಗೆ

ತಂಗಿಯ ಮದುವೆಗೆ ಮುಂಚೆ ನಾನೂ ನನ್ನ ತಮ್ಮನೂ ಒಬ್ಬರೇ ದಂತವೈದ್ಯರ ಹತ್ತಿರ ಹಲ್ಲಿನ ಅಚ್ಚು ಕೊಟ್ಟು, ಹಲ್ಲು ಬಿಳುಪಾಗಿಸುವ ಟ್ರೇ ಮಾಡಿಸಿಕೊಂಡೆವು. ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲನ್ನು ಟ್ರೇಗೆ ಹಾಕಿ, ಹಲ್ಲಿಗೆ ತೊಟ್ಟು ರಾತ್ರಿ ಮಲಗಬೇಕು. ಕ್ಲೀನಿಂಗ್ ಸೇರಿ ತಲಾ 7,000 ರೂಪಾಯಿ. ವೈಶಾಖದ ಆ ಮದುವೆಯಲ್ಲಿ ಇಬ್ಬರ ಹಲ್ಲೂ ಫಳಫಳ. ದೀಪಾವಳಿಯ ಹೊತ್ತಿಗೆ ತಮ್ಮನ ಹಲ್ಲು ಹಳೆಯ ಬಣ್ಣಕ್ಕೇ ಹೊರಳಿತ್ತು. ನನ್ನದು ಹೆಚ್ಚುಕಡಿಮೆ ಎರಡು ವರ್ಷ ತಡೆಯಿತು. ಕಾಫಿಯನ್ನು ಇಬ್ಬರೂ ಬಿಟ್ಟವರಲ್ಲ. ಆದರೆ ಅವನಿಗೆ ದಿನಕ್ಕೆ ಐದು ಸಿಗರೇಟು ಬೇಕು.

ಹೀಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಪೆರಾಕ್ಸೈಡ್ ಹಲ್ಲಿನೊಳಗಿನ ಬಣ್ಣದ ಕಣಗಳನ್ನು ಒಡೆಯುತ್ತದೆ, ಅಷ್ಟೇ. ಹೊಸ ಕಲೆ ಹತ್ತದಂತೆ ಅದು ಯಾವ ಲೇಪವನ್ನೂ ಬಿಡುವುದಿಲ್ಲ. ಹೊಗೆಯ ಟಾರ್ ಮೊದಲೇ ಕಂದು. ನಿಕೋಟಿನ್‌ಗೆ ಬಣ್ಣವಿಲ್ಲದಿದ್ದರೂ ಗಾಳಿ ತಾಗಿದಂತೆ ಹಳದಿಯಾಗುತ್ತದೆ. ಎನಾಮಲ್‌ನ ಸೂಕ್ಷ್ಮ ರಂಧ್ರಗಳಲ್ಲಿ ಎರಡೂ ಮತ್ತೆ ಸೇರಿಕೊಳ್ಳುತ್ತವೆ.

ಈಗ ಲೆಕ್ಕಕ್ಕೆ ಬರೋಣ. ನನ್ನ ಬಿಳುಪಿಗೆ ತಿಂಗಳಿಗೆ ಸುಮಾರು 290 ರೂಪಾಯಿ ಬಿತ್ತು. ತಮ್ಮನಿಗೆ 1,150 ದಾಟಿತು. ಜೆಲ್ ಒಂದೇ, ವೈದ್ಯರ ಫೀಸೂ ಒಂದೇ. ಸಿಗರೇಟಿಗೆ 20 ರೂಪಾಯಿಯಂತೆ ಹಿಡಿದರೂ ಅವನ ಜೇಬಿನಿಂದ ವರ್ಷಕ್ಕೆ ಹೋಗುವ 36,500 ಇದರಲ್ಲಿ ಸೇರಿಲ್ಲ. ಕಲೆ ಹತ್ತಿಸುವುದಕ್ಕೂ ದುಡ್ಡು, ತೆಗೆಸುವುದಕ್ಕೂ ದುಡ್ಡು. ಇದು ಸೌಂದರ್ಯ ಚಿಕಿತ್ಸೆಯಾದ್ದರಿಂದ ಸಾಮಾನ್ಯವಾಗಿ ಆರೋಗ್ಯ ವಿಮೆಯೂ ಕೊಡುವುದಿಲ್ಲ.

ಬಣ್ಣ ಇಳಿದಾಗಲೆಲ್ಲ ಜೆಲ್ ಹಾಕಿಕೊಂಡರಾಯಿತು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪದೇಪದೇ ಹಾಕಿದರೆ ಹಲ್ಲು ಜುಮ್ಮೆನ್ನುತ್ತದೆ, ಒಸಡು ಉರಿಯುತ್ತದೆ. ಧೂಮಪಾನಿಗಳಿಗೆಂದೇ ಮಾರುವ ಒರಟು ಟೂತ್‌ಪೇಸ್ಟಿನಿಂದ ತಿಕ್ಕಿತಿಕ್ಕಿ ಎನಾಮಲ್ ಸವೆದರೆ ಒಳಗಿನ ಹಳದಿ ಪದರವೇ ಎದ್ದು ಕಾಣುತ್ತದೆ. ಇನ್ನೊಂದು ಮಾತು: ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಸೇದುವವರ ಒಸಡಿನಲ್ಲಿ ರೋಗವಿದ್ದರೂ ರಕ್ತ ಅಷ್ಟಾಗಿ ಒಸರುವುದಿಲ್ಲ. ಹಾಗಾಗಿ ರೋಗ ಗೊತ್ತಾಗದೆ, ಬಿಳುಪಿನ ಕಡೆಗೇ ಕಣ್ಣಿಟ್ಟವರು ಹಲ್ಲನ್ನೇ ಕಳೆದುಕೊಂಡಾರು. ಆಮೇಲೆ ಇಂಪ್ಲಾಂಟ್‌ನ ಬಿಲ್ಲು ಹತ್ತಾರು ಸಾವಿರದ್ದು.

ತಮ್ಮನಿಗೆ ನಾನು ಹೇಳಿದ್ದಿಷ್ಟು: ಮೊದಲು ಸಿಗರೇಟು ಬಿಡು, ಆಮೇಲೆ ಕ್ಲೀನಿಂಗ್, ಬಿಳುಪು ಕೊನೆಗೆ. ಬರೀ ಕ್ಲೀನಿಂಗ್‌ನಿಂದಲೇ ಮೇಲ್ಮೈ ಕಲೆ ಬಹಳಷ್ಟು ಹೋಗುತ್ತದೆ. ಸರ್ಕಾರಿ ದಂತ ಕಾಲೇಜಿನಲ್ಲಿ ಅದಕ್ಕೆ ಖರ್ಚೂ ಕಡಿಮೆ. ಸಿಗರೇಟು ಬಿಡುವುದು ಸುಲಭವೆಂದು ಹೇಳಲಾರೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಕೊನೆಗೆ ಬಿಳುಪಿನ ಸರದಿ ಬಂದಾಗ, ಹಳೆಯ ಟ್ರೇ ಸರಿಯಾಗಿ ಕೂರುತ್ತಿದ್ದರೆ ಹೊಸದು ಮಾಡಿಸಬೇಕಿಲ್ಲ. ಜೆಲ್ ಮಾತ್ರ ಕೊಂಡರೆ ಸಾಕು. ಟ್ರೇಯನ್ನು ತಣ್ಣೀರಲ್ಲೇ ತೊಳೆಯಬೇಕು. ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ, ಅಚ್ಚಿಗೆ ಕೊಟ್ಟ ದುಡ್ಡೂ ಹೋಗುತ್ತದೆ.