ಡೀಸೆಲ್, ಸಿಲಿಂಡರ್, ಯೂರಿಯಾ: ಯಾವುದನ್ನು ಬಿಡಬಹುದು?

ಬಿಸಿಲು, ಸಗಣಿ, ಎಣ್ಣೆಬೀಜಗಳಿಂದ ಸಿಗುವ ಶಕ್ತಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಕ್ಕೆ ಬದಲಿಯಾದೀತೇ? ರೈತರು ಇದಕ್ಕೆ ಒಲೆ, ನೀರು, ಉಳುಮೆ, ಗೊಬ್ಬರ ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಬೇಕು.

ಒಲೆ: ಬದಲಿ ಸಾಧ್ಯ
ನಾಲ್ಕೈದು ದನಗಳಿರುವ ಮನೆಗೆ 2 ಘನ ಮೀಟರ್‌ನ ದೀನಬಂಧು ಮಾದರಿ ಗೋಬರ್ ಗ್ಯಾಸ್ ಸಾಕು. ದಿನಕ್ಕೆ 50 ಕೆ.ಜಿ. ಸಗಣಿಯಲ್ಲಿನ ಹುಲ್ಲು, ಕಲ್ಲು ಆರಿಸಿ, ಅಷ್ಟೇ ನೀರು ಬೆರೆಸಿ, ಗಂಜಿಯ ಹದಕ್ಕೆ ಕದಡಿ ಬಿಡಬೇಕು. ಸಿಗುವ ಅನಿಲ ಸುಮಾರು 0.9 ಕೆ.ಜಿ. ಎಲ್‌ಪಿಜಿಗೆ ಸಮ, ಹದಿನಾರು ದಿನಕ್ಕೆ ಒಂದು ಸಿಲಿಂಡರ್ ಉಳಿದಂತೆ. ಚಳಿಗಾಲದಲ್ಲಿ ಅನಿಲ ಇಳಿಯುತ್ತದೆ. ಉರಿ ಮಿಣುಕಿದರೆ ಪೈಪಿನಲ್ಲಿ ನಿಂತ ನೀರನ್ನು ಹೊರಬಿಡಿ.

ನೀರು: ಹಗಲಿಗೆ ಹೊಂದಿಕೊಂಡರೆ ಸಾಧ್ಯ
ಸೌರ ಪಂಪ್‌ಸೆಟ್ ಡೀಸೆಲ್ ಎಂಜಿನ್ನಿನ ಜಾಗ ತುಂಬಬಲ್ಲದು. ಬ್ಯಾಟರಿಯ ಖರ್ಚು ಬೇಡ. ಬಿಸಿಲಿದ್ದಾಗ ತೊಟ್ಟಿ ಇಲ್ಲವೇ ಕೃಷಿಹೊಂಡ ತುಂಬಿಸಿ, ಹನಿ ನೀರಾವರಿಗೆ ಬಳಸಿ. ಪ್ಯಾನೆಲ್ ಮೇಲಿನ ಧೂಳನ್ನು ಬಿಸಿಲೇರುವ ಮೊದಲೇ ತೊಳೆಯಿರಿ. ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳ ಸಹಾಯಧನವಿದೆ. ಬಿಸಿಲಿಗೆ ಬಿಲ್ಲಿಲ್ಲವೆಂದು ಹಗಲೆಲ್ಲ ಎತ್ತಿದರೆ ಮಾತ್ರ ಕೊಳವೆಬಾವಿ ಬತ್ತೀತು.

ಉಳುಮೆ: ಸದ್ಯಕ್ಕೆ ಕಷ್ಟ
ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ, ವಿದ್ಯುತ್ ಮೋಟಾರಿನ ಹೆಚ್ಚಿನ ದಕ್ಷತೆಯನ್ನು ಲೆಕ್ಕಕ್ಕೆ ಹಿಡಿದರೂ, ಸುಮಾರು 20 ಕೆ.ಜಿ. ಲಿಥಿಯಂ ಬ್ಯಾಟರಿ ಬೇಕು. ದಿನವಿಡೀ ನೇಗಿಲೆಳೆಯುವ ಟ್ರ್ಯಾಕ್ಟರಿಗೆ ಇದು ಭಾರಿ ಹೊರೆ. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಆಗುತ್ತದೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಈ ಕೆಲಸ ನಡೆದಿದೆ. ಬದುವಿನ ಹೊಂಗೆ ಉಪ ಆದಾಯ ಕೊಟ್ಟೀತು, ಊರಿನ ಟ್ರ್ಯಾಕ್ಟರುಗಳಿಗೆಲ್ಲ ಸಾಲದು. ಮಣ್ಣು ಹದಕ್ಕೆ ಬಂದಾಗ ಉತ್ತು, ಬೇಡದ ಸಾಲು ಬಿಟ್ಟರೆ ಅಷ್ಟು ಡೀಸೆಲ್ ಉಳಿಯುತ್ತದೆ.

ಗೊಬ್ಬರ: ಕಡಿಮೆ ಮಾಡಬಹುದು
ಯೂರಿಯಾ ಕಾರ್ಖಾನೆಗೆ ನೈಸರ್ಗಿಕ ಅನಿಲ ಉರುವಲಷ್ಟೇ ಅಲ್ಲ, ಕಚ್ಚಾವಸ್ತು. ಅದರಿಂದ ತೆಗೆದ ಹೈಡ್ರೋಜನ್ ಗಾಳಿಯ ಸಾರಜನಕದ ಜತೆ ಸೇರಿ ಅಮೋನಿಯಾ ಆಗುತ್ತದೆ, ಅಮೋನಿಯಾದಿಂದ ಯೂರಿಯಾ. ನಾಫ್ತಾ ಬಳಸುತ್ತಿದ್ದ ಮಂಗಳೂರಿನ ಕಾರ್ಖಾನೆಗೂ ಈಗ 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದ ಅನಿಲವೇ ಆಧಾರ. ಸೌರವಿದ್ಯುತ್ತಿನಿಂದ ನೀರನ್ನು ಒಡೆದೂ ಹೈಡ್ರೋಜನ್ ಪಡೆಯಬಹುದು, ಆದರೆ ಖರ್ಚು ಜಾಸ್ತಿ. ಆ ಖರ್ಚು ಇಳಿಯುವವರೆಗೆ ಗೋಬರ್ ಗ್ಯಾಸಿನ ಬಗ್ಗಡವನ್ನು ತಿಪ್ಪೆಗೆ ಸೇರಿಸಿ. ಅಪ್ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿ. ಮಣ್ಣು ಪರೀಕ್ಷೆಯ ಶಿಫಾರಸು ನೋಡಿ ಯೂರಿಯಾ ಇಳಿಸಿ.

ಕೈಯಲ್ಲಿರುವ ಹಣವನ್ನು ಮೊದಲು ಒಲೆಗೆ, ಆಮೇಲೆ ಪಂಪ್‌ಸೆಟ್ಟಿಗೆ ಹಾಕಿ. ಟ್ರ್ಯಾಕ್ಟರ್ ಬದಲಿಸಲು ಆತುರ ಬೇಡ.