ಬ್ಯಾಗು ಅಸಲಿಯಾದರೆ ಸಾಲದು, ಪುರಾವೆಯೂ ಬೇಕು

ಸೆಕೆಂಡ್‌ಹ್ಯಾಂಡ್ ಬ್ರ್ಯಾಂಡೆಡ್ ಬ್ಯಾಗಿಗೆ ದುಡ್ಡು ಹಾಕಬೇಕೆಂದಿರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಬ್ಯಾಗು ಅಸಲಿಯಾಗಿದ್ದರೆ ಸಾಲದು, ಅಸಲಿ ಎಂದು ಇನ್ನೊಬ್ಬರಿಗೆ ತೋರಿಸಲು ಬರಬೇಕು. ನಿಮಗೆ ನಂಬಿಕೆ ಹುಟ್ಟಿದರೆ ಹೆಗಲಿಗೆ ಹಾಕಿಕೊಂಡು ಓಡಾಡಬಹುದು. ನಾಳೆ ಮಾರಲು ಹೊರಟಾಗ ನಿಮ್ಮ ನಂಬಿಕೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಬಂಗಾರದ ಜೊತೆ ಇಟ್ಟು ನೋಡಿ. ಒಡವೆಯ ಮೇಲೆ ಹಾಲ್‌ಮಾರ್ಕ್ ಇರುತ್ತದೆ, ಅದರ ಆರು ಅಕ್ಷರಗಳ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು. ಬಿಲ್ ಕಳೆದುಹೋದರೂ ಕರಗಿಸಿದರೆ ತೂಕದ ಬೆಲೆಯಾದರೂ ಸಿಗುತ್ತದೆ. ಲೂಯಿ ವಿಟಾನ್ ಬ್ಯಾಗಿಗೆ ಈ ಎರಡೂ ಇಲ್ಲ. ಸರ್ಕಾರದ ಮುದ್ರೆ ಇಲ್ಲ, ಕರಗಿಸಿದರೆ ಉಳಿಯುವುದೂ ಏನಿಲ್ಲ. ಅದರ ಪ್ರಸಿದ್ಧ ಮೊನೊಗ್ರಾಮ್ ಬಟ್ಟೆ ಚರ್ಮವೇ ಅಲ್ಲ, ಲೇಪನ ಕೊಟ್ಟ ಹತ್ತಿಯ ಕ್ಯಾನ್ವಾಸು. ನೀವು ಕೊಡುವ ಅರವತ್ತು ಸಾವಿರವೋ ಲಕ್ಷವೋ ‘ಇದು ಆ ಕಂಪನಿಯದೇ’ ಎಂಬ ಒಂದು ಮಾತಿಗೆ ಕೊಡುವ ಬೆಲೆ. ಆ ಮಾತು ಸುಳ್ಳಾದರೆ ಪೂರ್ತಿ ಹಣ ಹೋದ ಹಾಗೆಯೇ.

ಹಾಗಾದರೆ ಇಂಥದ್ದಕ್ಕೆ ಕೈ ಹಾಕುವುದೇಕೆ ಎಂದು ಕೇಳುವವರಿದ್ದಾರೆ. ನಾನು ಸೆಕೆಂಡ್‌ಹ್ಯಾಂಡ್ ಬ್ಯಾಗ್ ಕೊಳ್ಳುವುದು ಲೆಕ್ಕ ಹಾಕಿಯೇ. ಉದಾಹರಣೆಗೆ 60,000 ರೂಪಾಯಿಗೆ ಕೊಂಡ ಒಳ್ಳೆಯ ಬ್ಯಾಗನ್ನು ನಾಲ್ಕು ವರ್ಷ ಜೋಪಾನವಾಗಿ ಬಳಸಿ 50,000ಕ್ಕೆ ಮಾರಿದರೆ, ವರ್ಷಕ್ಕೆ ಬಿದ್ದ ಖರ್ಚು 2,500. ಹೊಸದನ್ನು ಕೊಂಡವರಿಗೆ ಅಂಗಡಿಯ ಬಾಗಿಲು ದಾಟುತ್ತಲೇ ಬೀಳುವ ನಷ್ಟ ನಮಗಿಲ್ಲ. ಈ ಲೆಕ್ಕ ನಿಂತಿರುವುದು ಕೊನೆಯ 50,000ದ ಮೇಲೆ. ಅದು ಬರುವುದು ಪುರಾವೆ ಇದ್ದರೆ ಮಾತ್ರ.

ನಕಲಿ ಮಾಲು ಬಹಳ ಬದಲಾಗಿದೆ. ಬೀದಿಬದಿಯಲ್ಲಿ ಎರಡು ಸಾವಿರಕ್ಕೆ ಸಿಗುವ ಬ್ಯಾಗಿನಿಂದ ಯಾರೂ ಮೋಸಹೋಗುವುದಿಲ್ಲ. ಮಾರುವವನಿಗೂ ಕೊಳ್ಳುವವರಿಗೂ ಅದು ಏನೆಂದು ಗೊತ್ತು. ‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’, ‘7ಎ’, ‘ಮಿರರ್’ ಎಂದು ದರ್ಜೆ ಕಟ್ಟಿ ಇನ್‌ಸ್ಟಾಗ್ರಾಂನಲ್ಲಿ ರಾಜಾರೋಷವಾಗಿ ಮಾರುವವರಿದ್ದಾರೆ. ಅಪಾಯ ಇರುವುದು ಆ ಮೇಲ್ದರ್ಜೆಯ ನಕಲು ಕೈ ಬದಲಾಯಿಸಿ, ‘ಒಂದೆರಡು ಸಲ ಬಳಸಿದ್ದು, ಅಮೆರಿಕದಿಂದ ಅಕ್ಕ ತಂದಿದ್ದು’ ಎಂಬ ಕಥೆಯೊಂದಿಗೆ ನಮ್ಮ ಮುಂದೆ ಬಂದಾಗ. ಆಗ ಬೆಲೆಯೂ ಅಸಲಿಯ ಬೆಲೆಯೇ ಇರುತ್ತದೆ. ತೀರಾ ಅಗ್ಗವಾಗಿದ್ದರೆ ನಕಲಿ ಎಂದು ಊಹಿಸಬಹುದು. ಬೆಲೆ ಸರಿಯಾಗಿದೆ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬಾರದು.

ನಾನು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ಲೂಯಿ ವಿಟಾನ್ ಸ್ಪೀಡಿ 30 ಕೊಂಡ ಬಗೆಯನ್ನು ವಿವರವಾಗಿ ಹೇಳುತ್ತೇನೆ. ಒಂದು ಬ್ಯಾಗಿನಲ್ಲಿ ಏನೇನು ನೋಡಬೇಕು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಹಗಲು ಹೊತ್ತಿನಲ್ಲಿ ಹೋದೆ, ಬ್ಯಾಗನ್ನು ಕಿಟಕಿಯ ಬೆಳಕಿಗೆ ಇಟ್ಟುಕೊಂಡೆ. ಮೊದಲು ನೋಡಿದ್ದು ಬಟ್ಟೆಯ ಚಿತ್ತಾರ. ಸಾಮಾನ್ಯ ಮೊನೊಗ್ರಾಮ್ ಸ್ಪೀಡಿಯನ್ನು ಒಂದೇ ತುಂಡು ಕ್ಯಾನ್ವಾಸಿನಿಂದ ಕತ್ತರಿಸಿರುತ್ತಾರೆ. ಅದು ಮುಂದಿನಿಂದ ಇಳಿದು, ತಳದಲ್ಲಿ ಜೋಡಣೆಯಿಲ್ಲದೆ ಸುತ್ತಿ, ಹಿಂದೆ ಮೇಲೇರುತ್ತದೆ. ಹಾಗಾಗಿ ಒಂದು ಬದಿಯ ಅಕ್ಷರಗಳು ನೆಟ್ಟಗೆ, ಇನ್ನೊಂದು ಬದಿಯವು ತಲೆಕೆಳಗು. ಹೊಸಬರು ಇದನ್ನು ನೋಡಿ ನಕಲಿ ಎಂದು ಹೆದರುತ್ತಾರೆ, ಆದರೆ ಈ ಮಾದರಿಯಲ್ಲಿ ಅದು ಇರಬೇಕಾದದ್ದೇ. ಎಡ ಬಲ ಸಮವಾಗಿದೆಯೇ, ಅಂಚಿನಲ್ಲಿ ಒಂದು ಹೂವು ಅರ್ಧಕ್ಕೆ ಕತ್ತರಿಸಿದ್ದರೆ ಆಚೆ ಅಂಚಿನಲ್ಲೂ ಹಾಗೆಯೇ ಇದೆಯೇ ಎಂದು ನೋಡಿದೆ.

ಆಮೇಲೆ ಹಿಡಿಕೆ. ಈ ಬ್ಯಾಗುಗಳ ಹಿಡಿಕೆ ಮತ್ತು ಪಟ್ಟಿಗಳನ್ನು ವಚೆಟಾ ಎಂಬ ಬಣ್ಣ ಹಾಕದ ಹಸುವಿನ ಚರ್ಮದಿಂದ ಮಾಡುತ್ತಾರೆ. ಹೊಸತರಲ್ಲಿ ಅದು ಕೆನೆಬಣ್ಣ. ಬಿಸಿಲು, ಗಾಳಿ, ಕೈಬೆವರು ತಗುಲಿ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ, ಮುಂದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಐದು ವರ್ಷ ಬಳಸಿದೆ ಎಂದು ಹೇಳುವ ಬ್ಯಾಗಿನ ಹಿಡಿಕೆ ಕೆನೆಯಂತೆಯೇ ಇದ್ದರೆ ಕಾರಣ ಕೇಳಬೇಕು. ಹಿಡಿಕೆ ಬದಲಾಯಿಸಿದ್ದರೆ ಆ ರಿಪೇರಿಯ ರಸೀದಿ ಇರಬೇಕು. ನಾನು ನೋಡಿದ ಬ್ಯಾಗಿನಲ್ಲಿ ಬೆರಳು ಹಿಡಿಯುವ ಜಾಗ ಗಾಢವಾಗಿತ್ತು, ಬುಡ ತಿಳಿಯಾಗಿತ್ತು. ಬಳಕೆಯಿಂದ ಬರುವ ಬಣ್ಣ ಹೀಗೆಯೇ ಏರುಪೇರಾಗಿರುತ್ತದೆ. ಬಣ್ಣ ಬಳಿದು ಹಳೆಯದು ಮಾಡಿದ ಚರ್ಮ ಎಲ್ಲ ಕಡೆಯೂ ಒಂದೇ ತೆರನಾಗಿ ಕಾಣುತ್ತದೆ.

ಹೊಲಿಗೆಯನ್ನು ಎಣಿಸಿದೆ. ಹಿಡಿಕೆ ಕೂರುವ ನಾಲ್ಕೂ ಚರ್ಮದ ಪಟ್ಟಿಗಳಲ್ಲಿ ಹೊಲಿಗೆಯ ಸಂಖ್ಯೆ, ಅಂತರ ಒಂದೇ ಇರಬೇಕು. ಚರ್ಮಕ್ಕೆ ಒತ್ತಿದ ಹೆಸರಿನಲ್ಲಿ ‘ಓ’ ಅಕ್ಷರ ಮೊಟ್ಟೆಯಾಕಾರವಲ್ಲ, ಪೂರ್ಣ ದುಂಡಗೆ, ‘ಎಲ್’ನ ಅಡ್ಡಗೆರೆ ಗಿಡ್ಡ, ಜೋಡಿ ‘ಟಿ’ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ನಕಲು ಮಾಡುವವರು ಚಿತ್ತಾರವನ್ನು ಚೆನ್ನಾಗಿ ತೆಗೆಯುತ್ತಾರೆ, ಅಕ್ಷರದಲ್ಲಿ ಎಡವುತ್ತಾರೆ.

ಕೊನೆಗೆ ಒಳಜೇಬಿನ ಹತ್ತಿರದ ಪುಟ್ಟ ಚರ್ಮದ ಪಟ್ಟಿಯಲ್ಲಿ ಡೇಟ್ ಕೋಡ್ ಓದಿದೆ: ಎಸ್‌ಪಿ 1149. 2007ರಿಂದ ಈಚಿನ ಕೋಡುಗಳಲ್ಲಿ ಮೊದಲ ಮತ್ತು ಮೂರನೆಯ ಅಂಕಿ ಸೇರಿದರೆ ವಾರ, ಎರಡನೆಯ ಮತ್ತು ನಾಲ್ಕನೆಯ ಅಂಕಿ ಸೇರಿದರೆ ವರ್ಷ. ಅಂದರೆ ಇದು 2019ರ 14ನೇ ವಾರದಲ್ಲಿ ತಯಾರಾದದ್ದು. ಎಸ್‌ಪಿ ಫ್ರಾನ್ಸಿನ ಕಾರ್ಖಾನೆಯ ಗುರುತು, ಹೊರಗಿನ ಮುದ್ರೆಯೂ ‘ಮೇಡ್ ಇನ್ ಫ್ರಾನ್ಸ್’ ಎಂದೇ ಇತ್ತು. ಅದೇ ಜಾಗದಲ್ಲಿ 7169 ಎಂದಿದ್ದರೆ ಅದು 76ನೇ ವಾರವಾಗುತ್ತಿತ್ತು. ವರ್ಷಕ್ಕೆ ಅಷ್ಟು ವಾರಗಳೇ ಇಲ್ಲ. 1990ರಿಂದ 2006ರವರೆಗಿನ ಬ್ಯಾಗುಗಳಲ್ಲಿ ವಾರದ ಬದಲು ತಿಂಗಳು ಇರುತ್ತದೆ. 2021ರ ಮಾರ್ಚ್‌ನಿಂದ ಕಂಪನಿ ಈ ಕೋಡ್ ನಿಲ್ಲಿಸಿ ಒಳಗೆ ಮೈಕ್ರೊಚಿಪ್ ಕೂರಿಸುತ್ತಿದೆ. 2023ರಲ್ಲಿ ಹೊಸದಾಗಿ ತಯಾರಾದದ್ದು ಎನ್ನುವ ಬ್ಯಾಗಿನಲ್ಲಿ ಡೇಟ್ ಕೋಡ್ ಕಂಡರೆ ಅಲ್ಲಿಗೇ ಮಾತು ಮುಗಿಸಬಹುದು.

ಇಷ್ಟೆಲ್ಲ ಸರಿಬಂದರೂ ನಾನು ದುಡ್ಡು ತೆಗೆಯಲಿಲ್ಲ. “ಬಿಲ್ ಇದೆಯಾ ಮೇಡಂ?” ಎಂದು ಬ್ಯಾಗು ಮಾರುತ್ತಿದ್ದ ಮಹಿಳೆಯನ್ನು ಕೇಳಿದೆ. ಆಕೆ, “ಇದೆ, ಮೇಲ್‌ನಲ್ಲಿ ಹುಡುಕ್ಬೇಕು, ಐದು ನಿಮಿಷ ಕೊಡಿ,” ಎಂದು ಲ್ಯಾಪ್‌ಟಾಪ್ ತೆರೆದರು. ಪ್ಯಾರಿಸ್ಸಿನ ಅಂಗಡಿಯ ಬಿಲ್, 2019ರ ಜೂನ್ ತಿಂಗಳದು, ಆಕೆಯದೇ ಹೆಸರು. ಏಪ್ರಿಲ್ ಮೊದಲ ವಾರ ತಯಾರಾದ ಬ್ಯಾಗು ಜೂನಿನಲ್ಲಿ ಮಾರಾಟವಾಗಿದೆ, ಹೊಂದುತ್ತದೆ. ಬಿಲ್ಲಿನಲ್ಲಿದ್ದ ಮಾದರಿ ಸಂಖ್ಯೆ ‘ಎಂ’ ಅಕ್ಷರದಿಂದ ಶುರುವಾಗಿತ್ತು. ಮೊನೊಗ್ರಾಮ್ ಬ್ಯಾಗುಗಳ ಸಂಖ್ಯೆ ಹಾಗೆಯೇ ಶುರುವಾಗುತ್ತದೆ. ಆ ಮೇಲನ್ನು ನನಗೆ ಫಾರ್ವರ್ಡ್ ಮಾಡಿಸಿಕೊಂಡೆ. 58,000ಕ್ಕೆ ವ್ಯವಹಾರ ಮುಗಿಯಿತು.

ಬಿಲ್ಲಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಬ್ಯಾಗಿನ ಮೇಲಿರುವ ಯಾವ ಗುರುತನ್ನೂ ನಕಲು ಮಾಡಬಹುದು. 1896ರಲ್ಲಿ ಜಾರ್ಜ್ ವಿಟಾನ್ ಈ ಮೊನೊಗ್ರಾಮನ್ನು ರೂಪಿಸಿದ್ದೇ ನಕಲು ಮಾಡುವವರನ್ನು ತಡೆಯಲು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಚಿತ್ತಾರಗಳಲ್ಲಿ ಅದೂ ಒಂದು. ಇನ್ನು ಸಂಖ್ಯೆಗಳ ವಿಷಯಕ್ಕೆ ಬಂದರೆ, ಹಳೆಯ ಬ್ಯಾಗು ಮಾರುವ ನ್ಯೂಯಾರ್ಕಿನ ‘ವಾಟ್ ಗೋಸ್ ಅರೌಂಡ್ ಕಮ್ಸ್ ಅರೌಂಡ್’ ಸಂಸ್ಥೆಯ ಮೇಲೆ ಶನೆಲ್ 2018ರಲ್ಲಿ ಹೂಡಿದ ಮೊಕದ್ದಮೆಯನ್ನು ನೋಡಿ. ತನಗೆ ಬ್ಯಾಗು ತಯಾರಿಸಿಕೊಡುತ್ತಿದ್ದ ಇಟಲಿಯ ಕಾರ್ಖಾನೆಯಿಂದ ಕಳುವಾದ ಸೀರಿಯಲ್ ಸಂಖ್ಯೆಗಳು ಆ ಸಂಸ್ಥೆಯ ಕೆಲವು ಬ್ಯಾಗುಗಳಲ್ಲಿದ್ದವು ಎಂಬುದು ಶನೆಲ್ ವಾದಗಳಲ್ಲಿ ಒಂದು. 2024ರ ಫೆಬ್ರುವರಿಯಲ್ಲಿ ಜ್ಯೂರಿ ಶನೆಲ್ ಪರ 40 ಲಕ್ಷ ಡಾಲರ್ ಪರಿಹಾರ ನಿಗದಿ ಮಾಡಿತು. ಸಂಖ್ಯೆಯೇ ಕಳುವಾಗುವ ಜಗತ್ತಿನಲ್ಲಿ ಸಂಖ್ಯೆ ಒಂದನ್ನೇ ನೆಚ್ಚಿಕೊಳ್ಳುವುದು ಹೇಗೆ?

ಕಾಗದಪತ್ರ ಎಂದರೂ ಯಾವ ಕಾಗದ ಎಂದು ತಿಳಿದಿರಬೇಕು. ಹೋದ ದೀಪಾವಳಿಗೆ ಮೊದಲು ಅಣ್ಣನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿ ಫೋನ್ ಮಾಡಿದಳು: “ಅತ್ತೆ, ಲೂಯಿ ವಿಟಾನ್. ಬಾಕ್ಸು, ಡಸ್ಟ್‌ಬ್ಯಾಗು, ಅಥೆಂಟಿಸಿಟಿ ಕಾರ್ಡು ಎಲ್ಲಾ ಇದೆಯಂತೆ. ತಗೊಳ್ಲಾ?” ನಾನು, “ಕಾರ್ಡ್ ಇದೆ ಅಂದ್ರೆ ಬೇಡವೇ ಬೇಡ ಕಣೇ,” ಎಂದೆ. ಲೂಯಿ ವಿಟಾನ್ ತನ್ನ ಬ್ಯಾಗಿಗೆ ಅಸಲಿತನದ ಕಾರ್ಡ್ ಕೊಡುವುದೇ ಇಲ್ಲ. ಹರ್ಮೀಸ್ ಕೂಡ ಕೊಡುವುದಿಲ್ಲ. ಶನೆಲ್ ಕೊಡುತ್ತಿತ್ತು; ಕಾರ್ಡಿನ ಸಂಖ್ಯೆ ಬ್ಯಾಗಿನೊಳಗಿನ ಸ್ಟಿಕ್ಕರಿನ ಸಂಖ್ಯೆಗೆ ಹೊಂದಬೇಕಿತ್ತು. 2021ರಲ್ಲಿ ಅದೂ ಕಾರ್ಡ್ ಬಿಟ್ಟು ಚಿಪ್ ಇರುವ ಲೋಹದ ಫಲಕಕ್ಕೆ ಬದಲಾಯಿತು. ಬಾಕ್ಸ್, ರಿಬ್ಬನ್, ಡಸ್ಟ್‌ಬ್ಯಾಗ್ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತವೆ, ಅವುಗಳಿಂದ ಏನೂ ಸಾಬೀತಾಗುವುದಿಲ್ಲ.

ಬಿಲ್ ಸಿಗದ ಹಳೆಯ ಬ್ಯಾಗುಗಳೂ ಇವೆ, ಅವೆಲ್ಲ ನಕಲಿಯಲ್ಲ. ಅಂಥ ಕಡೆ ಮೂರನೆಯವರ ತಪಾಸಣೆಗೆ ಖರ್ಚು ಮಾಡಬೇಕು. ಕಂಪನಿಯ ಅಂಗಡಿಗೆ ಒಯ್ದು ‘ಅಸಲಿಯೇ ನೋಡಿ ಹೇಳಿ’ ಎಂದರೆ ಅವರು ಸಾಮಾನ್ಯವಾಗಿ ಆ ಸೇವೆ ಕೊಡುವುದಿಲ್ಲ. ಫೋಟೊ ನೋಡಿ ಲಿಖಿತ ಅಭಿಪ್ರಾಯ ಕೊಡುವ ತಜ್ಞರಿದ್ದಾರೆ. ಸೂಕ್ಷ್ಮದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಿಂದ ಹೋಲಿಸುವ ಎಂಟ್ರುಪಿಯಂಥ ವ್ಯವಸ್ಥೆಯನ್ನು ಕೆಲವು ಮಾರಾಟಗಾರರು ಬಳಸುತ್ತಾರೆ. ಪ್ರಮಾಣಪತ್ರ ತೋರಿಸಿದರೆ ಅದರ ಸಂಖ್ಯೆಯನ್ನು ನೀವೇ ಆನ್‌ಲೈನ್‌ನಲ್ಲಿ ತೆರೆದು, ಅಲ್ಲಿನ ಫೋಟೊ ನಿಮ್ಮ ಕೈಯಲ್ಲಿರುವ ಬ್ಯಾಗಿನದೇ ಎಂದು ಗೀರು, ಕಲೆ ಸಮೇತ ಹೋಲಿಸಿ. 60,000ದ ಬ್ಯಾಗಿಗೆ 2,500 ತಪಾಸಣೆಗೆ ಹೋದರೂ ಅದು ಶೇಕಡ 5ಕ್ಕಿಂತ ಕಡಿಮೆ. ಮಾರುವಾಗ ಆ ಕಾಗದವೇ ಬೆಲೆ ಎತ್ತಿ ಹಿಡಿಯುತ್ತದೆ. ನಾನಂತೂ ಒಳ್ಳೆಯ ಬಿಲ್ ಇರುವ ಬ್ಯಾಗಿಗೆ ಶೇಕಡ 10 ಹೆಚ್ಚು ಕೊಡಲು ಯಾವಾಗಲೂ ಸಿದ್ಧ.

ಹಣ ಕೊಡುವ ದಾರಿಯೂ ಅಷ್ಟೇ ಮುಖ್ಯ. ಯುಪಿಐನಲ್ಲಿ ಕಳಿಸಿದ ದುಡ್ಡು, ಪಡೆದವರು ತಾವಾಗಿ ಹಿಂದಿರುಗಿಸದಿದ್ದರೆ ಬರುವುದು ಕಷ್ಟ. ಗುರುತಿಲ್ಲದವರಿಗೆ ‘ಬುಕಿಂಗ್ ಅಡ್ವಾನ್ಸ್’ ಎಂದು ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಂಗಡಿಯಿಂದ ಕೊಳ್ಳುವುದಾದರೆ ಕ್ರೆಡಿಟ್ ಕಾರ್ಡ್ ಬಳಸಿ. ಮಾಲು ಹೇಳಿದಂತಿಲ್ಲದಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಬಹುದು. ನಕಲಿಯೆಂದು ತಿಳಿದರೆ ಪೂರ್ತಿ ಹಣ ವಾಪಸ್ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮಾರುವವರು ವ್ಯಾಪಾರಿಯಲ್ಲದೆ ನಿಮ್ಮ ನಮ್ಮಂಥ ವ್ಯಕ್ತಿಯಾಗಿದ್ದರೆ ಗ್ರಾಹಕರ ಆಯೋಗದ ದಾರಿ ಸುಲಭವಲ್ಲ, ಆದ್ದರಿಂದ ಅಲ್ಲಿ ಮೊದಲೇ ಇಮ್ಮಡಿ ಎಚ್ಚರ ಬೇಕು. ಕೋಡಿನ ಫೋಟೊ ಕೇಳಿದರೆ ಸಿಡುಕುವವರು, ‘ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ, ಈಗಲೇ ಹೇಳಿ’ ಎಂದು ಅವಸರಿಸುವವರು ಎಷ್ಟೇ ಚೆಂದದ ಬ್ಯಾಗು ತೋರಿಸಲಿ, ಅಲ್ಲಿಂದ ಎದ್ದು ಬನ್ನಿ. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗೊತ್ತಿದ್ದೂ ಫಸ್ಟ್ ಕಾಪಿ ಕೊಂಡು, ಆಮೇಲೆ ‘ಪ್ರೀಲವ್ಡ್’ ಎಂದು ಮಾರಿ ಕೈತೊಳೆದುಕೊಳ್ಳುವವರಿಗೆ ನೇರವಾಗಿ ಹೇಳಬೇಕು: ಅದು ಅಪರಾಧ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಸುಳ್ಳು ಟ್ರೇಡ್‌ಮಾರ್ಕ್ ಇರುವ ಮಾಲು ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ತಿಳಿಯದೆ ಮಾರಿದೆ ಎನ್ನುವವರು ತಾವು ತಕ್ಕ ಎಚ್ಚರ ವಹಿಸಿದ್ದನ್ನು, ಯಾರಿಂದ ಕೊಂಡದ್ದೆಂಬುದನ್ನು ತೋರಿಸಬೇಕಾಗುತ್ತದೆ. ಅಲ್ಲಿಯೂ ನಿಮ್ಮನ್ನು ಕಾಯುವುದು ಇಟ್ಟುಕೊಂಡ ಕಾಗದವೇ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ, ಮೊದಲ ಸಂಬಳ ಕೂಡಿಟ್ಟು ಬರುವ ಹುಡುಗಿಯೊಬ್ಬಳ ಕೈಗೆ ಸುಳ್ಳನ್ನು ಕೊಟ್ಟು ದುಡ್ಡು ಎಣಿಸಿಕೊಳ್ಳುವುದು ತಪ್ಪು.

ಆದ್ದರಿಂದ ಕೊಳ್ಳುವ ಮೊದಲು ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿಗೆ ಹೋಗಿ, ಕಂಪನಿಯ ಅಂಗಡಿಯಲ್ಲಿ ಅಸಲಿ ಬ್ಯಾಗನ್ನು ಕೈಯಲ್ಲಿ ಹಿಡಿದು ನೋಡಿ. ಝಿಪ್ ಎಳೆಯಿರಿ, ಚರ್ಮ ಮುಟ್ಟಿ, ಅಕ್ಷರ ಓದಿ. ನೋಡಲು ದುಡ್ಡು ಬೇಕಿಲ್ಲ. ಕೊಂಡ ದಿನವೇ ಒಂದು ಫೋಲ್ಡರ್ ಮಾಡಿ ಮೂಲ ಬಿಲ್, ಮಾರಿದವರ ಸಂದೇಶಗಳು, ಹಣ ಕಳಿಸಿದ ದಾಖಲೆ, ತಪಾಸಣೆಯ ಪತ್ರ, ಕೋಡಿನ ಫೋಟೊ ಎಲ್ಲವನ್ನೂ ಅದರಲ್ಲಿಡಿ. ಆ ಫೋಲ್ಡರ್ ತುಂಬುವಷ್ಟು ಪುರಾವೆ ಮಾರುವವರ ಬಳಿ ಇಲ್ಲದಿದ್ದರೆ, ಬ್ಯಾಗು ಎಷ್ಟೇ ಮನಸ್ಸಿಗೆ ಹಿಡಿಸಿದ್ದರೂ ಬಿಟ್ಟುಬಿಡಿ. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅದೇ ಮಾದರಿಯ ಇನ್ನೊಂದು ಬ್ಯಾಗು ಬಂದೇ ಬರುತ್ತದೆ. ಹೋದ ಅರವತ್ತು ಸಾವಿರ ಹಾಗೆ ಬರುವುದಿಲ್ಲ.