ಮಸ್ಕಿಯ ಬಂಡೆಯೂ ಕ್ರೈಸ್ತರ ಯುಕ್ತಿವಾದವೂ

ಧರ್ಮಶ್ರದ್ಧೆಯನ್ನು ಯುಕ್ತಿಯಿಂದ ಸಮರ್ಥಿಸುವುದು ಸಾಧ್ಯವೇ ಎಂಬ ಪ್ರಶ್ನೆ ಬಹು ಹಳೆಯದು. ಕ್ರೈಸ್ತರಲ್ಲಿ ಈ ಸಮರ್ಥನೆಗೆ ‘ಅಪೊಲೊಜಿಯ’ ಎಂಬ ಗ್ರೀಕ್ ಹೆಸರುಂಟು. ನ್ಯಾಯಸ್ಥಾನದಲ್ಲಿ ಪ್ರತಿವಾದಿ ಕೊಡುವ ಉತ್ತರವೆಂದು ಅದರ ಮೂಲಾರ್ಥ. ಕ್ರಿ. ಶ. 2ನೆಯ ಶತಮಾನದಲ್ಲಿ ಜಸ್ಟಿನ್ ಎಂಬಾತನು ರೋಮಿನ ಚಕ್ರವರ್ತಿಗೆ ಇಂತಹುದೇ ಉತ್ತರವನ್ನು ಬರೆದನು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಶತಮಾನಗಳಿಂದ ಕ್ರೈಸ್ತರು ಬಾಳುತ್ತಿರುವಾಗ ಈ ವಿಷಯ ನಮಗೆ ಪರಕೀಯವೇನೂ ಅಲ್ಲ.

ದೇವರಿದ್ದಾನೆಂಬುದಕ್ಕೆ ಅವರು ಕೊಡುವ ಮೊದಲ ಯುಕ್ತಿ ನಮಗೆ ಪರಿಚಿತವೇ. ಕಾರ್ಯವಿದ್ದಲ್ಲಿ ಕರ್ತೃವಿರಬೇಕು, ಗಡಿಗೆಗೆ ಕುಂಬಾರನಿದ್ದಂತೆ ಜಗತ್ತಿಗೂ ಒಬ್ಬನಿರಬೇಕು. ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ಯಲ್ಲಿ ಹೀಗೆಯೇ ವಾದಿಸಿದ್ದಾನೆ; 13ನೆಯ ಶತಮಾನದ ಥಾಮಸ್ ಅಕ್ವಿನಾಸನ ಐದು ಮಾರ್ಗಗಳೂ ಇದಕ್ಕೆ ಬಹು ದೂರವಲ್ಲ. ಕುಂಬಾರನಿಗೆ ದೇಹವುಂಟು, ದೇವರಿಗೆ ಎಲ್ಲಿಯದು ಎಂಬ ಮೀಮಾಂಸಕರ ಆಕ್ಷೇಪ ಇಬ್ಬರಿಗೂ ತಗಲುತ್ತದೆ.

ಆದರೆ ಕ್ರೈಸ್ತವಾದದ ವೈಶಿಷ್ಟ್ಯವಿರುವುದು ಚರಿತ್ರೆಯಲ್ಲಿ. ಇಂಥ ಅಧಿಕಾರಿಯ ಕಾಲದಲ್ಲಿ ಯೇಸು ಶಿಲುಬೆಗೇರಿದನು, ಮರಳಿ ಎದ್ದನು ಎಂದು ಆ ಮತ ಸಾರುತ್ತದೆ. ಇದನ್ನು ಅಳೆಯಲು ಸಿಂಧನೂರು–ಲಿಂಗಸುಗೂರು ದಾರಿಯಲ್ಲಿರುವ ಮಸ್ಕಿಯ ಬಂಡೆಯೇ ಒಳ್ಳೆಯ ಅಳತೆಗೋಲು. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅದನ್ನು ಕಂಡನು. ಶಾಸನಗಳ ‘ದೇವಾನಾಂಪ್ರಿಯ’ನೇ ಬೌದ್ಧ ಗ್ರಂಥಗಳ ಅಶೋಕನೆಂಬುದು ಅದುವರೆಗೆ ಅನುಮಾನಪ್ರಮಾಣದಿಂದ ತಿಳಿದ ಮಾತು, ಬಂಡೆಯ ಮೇಲೆ ಅಶೋಕನ ಹೆಸರೇ ದೊರೆತಾಗ ಅದು ಪ್ರತ್ಯಕ್ಷವಾಯಿತು. ಹಾಗೆಯೇ 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರುಳ್ಳ ಲ್ಯಾಟಿನ್ ಶಿಲಾಲೇಖ ಸಿಕ್ಕಿತು. ಪಿಲಾತನ ಅಧಿಕಾರದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸನೂ ಬರೆದಿದ್ದಾನೆ.

ಇಲ್ಲಿ ಅವಸರ ಕೂಡದು. ದೇವತೆಗಳು ಮನುಷ್ಯರೊಡನೆ ಬೆರೆತರೆಂದೂ ಮಸ್ಕಿಯ ಶಾಸನದಲ್ಲಿದೆ. ಅಶೋಕನನ್ನು ಒಪ್ಪಿದ ಮಾತ್ರಕ್ಕೆ ಅದನ್ನೂ ಅಕ್ಷರಶಃ ಒಪ್ಪುತ್ತೇವೆಯೇ? ಕೈಸರೈಯದ ಕಲ್ಲು ಪಿಲಾತನನ್ನು ಸಾಧಿಸುತ್ತದೆ, ಪುನರುತ್ಥಾನವನ್ನಲ್ಲ. ಜಾಣನಾದ ಕ್ರೈಸ್ತವಾದಿ ಇದನ್ನು ಬಲ್ಲನು. ಆದುದರಿಂದ ಅವನು ಕ್ರಿ. ಶ. 55ರ ಸುಮಾರಿಗೆ ಪೌಲನು ಕೊರಿಂಥದವರಿಗೆ ಬರೆದ ಪತ್ರವನ್ನು ಮುಂದಿಡುತ್ತಾನೆ. ಎದ್ದ ಕ್ರಿಸ್ತನನ್ನು ಕಂಡವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದು ಅದರಲ್ಲಿದೆ. ಕೇಳಬೇಕೆಂದವರು ಹೋಗಿ ಕೇಳಬಹುದಾಗಿತ್ತು.

ಸಾಕ್ಷಿ ಸುಳ್ಳಾಗುವುದು ಪವಾಡಕ್ಕಿಂತಲೂ ಅಸಂಭವವೆನಿಸಿದ ಹೊರತು ಪವಾಡವನ್ನು ನಂಬಲಾಗದೆಂದು ಹ್ಯೂಮನು 1748ರಲ್ಲಿ ಹೇಳಿದನು. ಇದು ಬಲವಾದ ಮಾತು. ಆದರೆ ದೇವರಿದ್ದಾನೆಂದು ಒಪ್ಪಿದವನಿಗೆ ಪವಾಡ ಅಷ್ಟು ಅಸಂಭವವಲ್ಲ. ಅಂತೂ ಚರ್ಚೆ ತಿರುಗಿ ಉದಯನನ ಕುಂಬಾರನ ಬಳಿಗೇ ಬರುತ್ತದೆ!

ಇದಕ್ಕಿಂತ ಬಿಗಿಯಾದ ಗಂಟು ದುಃಖದ್ದು. ಮನುಷ್ಯನ ಸ್ವಾತಂತ್ರ್ಯವೇ ಕೇಡಿಗೆ ಕಾರಣವೆಂಬ ಸಮಾಧಾನ ಕೊಲೆಗಾರನ ವಿಷಯದಲ್ಲಿ ಸಲ್ಲುತ್ತದೆ. ಬರಗಾಲದ ವಿಷಯದಲ್ಲಿ ಸಲ್ಲುವುದಿಲ್ಲ. ಅಲ್ಲಿ ಕ್ರೈಸ್ತವಾದಿ ಯುಕ್ತಿಯನ್ನು ಬದಿಗಿಟ್ಟು, ದೇವರು ತಾನೇ ಶಿಲುಬೆಯ ಮೇಲೆ ನೋವುಂಡನೆಂದು ತೋರಿಸುತ್ತಾನೆ.